ಗಾಜಿನಾಚೆಯ ಬೆರಳು

ಆ ಕಾಗದಕ್ಕೆ ಸಹಿ ಹಾಕುವುದು ಅರ್ಧ ನಿಮಿಷದ ಕೆಲಸ. ತ್ರಿವೇಣಿ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕಿವಿಯ ಕ್ಲಿನಿಕ್ಕಿನ ಬೀಗ ತೆಗೆದಾಗಿನಿಂದ ಅದು ಮೇಜಿನ ಮೇಲೆ ಬಿದ್ದುಕೊಂಡಿತ್ತು. ಫ್ಯಾನಿನ ಗಾಳಿಗೆ ಅದರ ಒಂದು ಮೂಲೆ ಏಳುವುದು, ಕೂಡುವುದು. ಅವಳು ಅದರ ಮೇಲೆ ಸ್ಟೇಪ್ಲರ್ ಇಟ್ಟಳು, ಆಮೇಲೆ ಸ್ಟೇಪ್ಲರ್ ತೆಗೆದು ನೀರಿನ ಬಾಟಲಿ ಇಟ್ಟಳು. ಬಾಟಲಿಯ ತಳದ ತೇವ ಹತ್ತಿ ಕಾಗದದ ಮೇಲೊಂದು ಉಂಗುರ ಮೂಡಿದಾಗ, ಇನ್ನು ಇದನ್ನು ಹೊಸದಾಗಿ ಟೈಪು ಮಾಡಿಸಬೇಕಾಗುತ್ತದೆ ಎಂದು ಸಾಲೆ ತಪ್ಪಿದ ಹುಡುಗಿಯಂತೆ ಒಳಗೊಳಗೇ ಖುಷಿಪಟ್ಟಳು. ಹತ್ತು ನಿಮಿಷದಲ್ಲಿ ಅದು ಒಣಗಿತು, ಉಂಗುರ ಕಾಣಲಿಲ್ಲ. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಚಾಕಣದ ಕಾರ್ಖಾನೆಯ ಕಾರ್ಮಿಕ ನಿಜಲಿಂಗಪ್ಪನ ಶ್ರವಣ ಪರೀಕ್ಷೆಯನ್ನು ಹದಿನಾಲ್ಕು ತಿಂಗಳ ಹಿಂದೆ ನಿಯಮದ ಪ್ರಕಾರ ಮಾಡಲಾಗಿತ್ತು. ಎರಡೂ ಕಿವಿಗಳು ಸಹಜವಾಗಿದ್ದವು. ಮಾಡಲಾಗಿತ್ತು. ಯಾರು ಮಾಡಿದರು ಎಂಬುದು ಸಾಲಿನಲ್ಲಿ ಎಲ್ಲೂ ಇರಲಿಲ್ಲ. ಅದು ಎಲ್ಲಕ್ಕಿಂತ ಕೆಳಗೆ, ಚುಕ್ಕಿಗಳ ಮೇಲೆ ಬರಬೇಕಾಗಿತ್ತು. ಹನ್ನೆರಡು ದಿನದ ಹಿಂದೆ ಆ ಮನುಷ್ಯ ಕಾರ್ಖಾನೆಯ ಅಂಗಳದಲ್ಲಿ ಹಿಮ್ಮುಖವಾಗಿ ಬರುತ್ತಿದ್ದ ಫೋರ್ಕ್‌ಲಿಫ್ಟ್ ಗಾಡಿಯ ಕೆಳಗೆ ಸಿಕ್ಕು ತೀರಿಕೊಂಡಿದ್ದ. ಚಾಲಕ ಮೂರು ಸಲ ಹಾರ್ನ್ ಹೊಡೆದಿದ್ದ. ದೂರ ನಿಂತ ನಾಲ್ಕು ಮಂದಿಗೆ ಅದು ಕೇಳಿಸಿತ್ತು. ನಿಜಲಿಂಗಪ್ಪ ಸರಿದಿರಲಿಲ್ಲ.

‘ಔದಿಯೊ’ ಎಂದಿತು ಮೇಜಿನ ಮೇಲಿನ ಸಣ್ಣ ಸ್ಪೀಕರು.

ತ್ರಿವೇಣಿ ಬೆಚ್ಚಿ ಗಾಜಿನ ಕಡೆ ನೋಡಿದಳು. ಒಳಗೆ ಸದ್ದು ನುಗ್ಗದ ಆ ಕೋಣೆಯಲ್ಲಿ, ಎರಡು ಆಳಿನಷ್ಟೇ ಜಾಗದಲ್ಲಿ, ಫಾದರ್ ಆಲ್ಬನ್ ಕುಳಿತಿದ್ದರು. ಬೊಕ್ಕತಲೆಯ ಮೇಲೆ ಹೆಡ್‌ಫೋನು, ಕಣ್ಣು ಮುಚ್ಚಿ, ಎರಡೂ ಕೈ ಮಡಿಲಲ್ಲಿ. ಅವಳು ಗುಂಡಿ ಒತ್ತಿದ್ದಳು, ಒತ್ತಿದ್ದು ಅವಳಿಗೇ ತಿಳಿದಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು. ಎಲ್ಲರಿಗೂ ಅವಳು ಹೇಳುವುದು ಒಂದೇ ಮಾತು: ಸಣ್ಣಗೆ ಪೀಂ ಅಂತ ಕೇಳಿದರೆ ಬೆರಳು ಎತ್ತಬೇಕು, ಎಷ್ಟು ಸಣ್ಣಗಿದ್ದರೂ ಎತ್ತಬೇಕು, ಕೇಳದಿದ್ದರೆ ಎತ್ತಬಾರದು. ಫಾದರ್ ಮೂರು ವರ್ಷದ ಹಿಂದೆ ಮೊದಲ ಸಲ ಬಂದಾಗಲೇ ಬೆರಳೆತ್ತಲು ಒಪ್ಪಿರಲಿಲ್ಲ. ಐವತ್ತು ವರ್ಷ ಸೆಮಿನರಿಯಲ್ಲಿ ಪಾದ್ರಿಯಾಗುವ ಹುಡುಗರಿಗೆ ಲ್ಯಾಟಿನ್ ಕಲಿಸಿದ ಮಂಗಳೂರಿನ ಮನುಷ್ಯ. ತರಗತಿಯಲ್ಲಿ ಹುಡುಗರು ಬೆರಳೆತ್ತಬೇಕು, ನಾನು ಯಾಕೆ ಎತ್ತಬೇಕು ಎಂದು ನಕ್ಕಿದ್ದರು. ಕೇಳಿದರೆ ಔದಿಯೊ ಎನ್ನುತ್ತೇನೆ, ಬರೆದುಕೊಳ್ಳಿ. ಆಮೇಲೆ ಅವಳ ಯಂತ್ರದ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಬೆರಳಿನಿಂದ ತೋರಿಸಿ, ‘ಇದನ್ನು ನೀವೆಲ್ಲ ಆಡಿಯೊ ಆಡಿಯೊ ಅಂತ ವಸ್ತುವಿನ ಹೆಸರು ಮಾಡಿದ್ದೀರಿ ಮಾರಾಯ್ತಿ, ಇಲ್ಲಿಂದ ಸ್ವಾರ್‌ಗೇಟಿನವರೆಗೆ ಕಾರಿನ ಅಂಗಡಿಯ ಬೋರ್ಡಿನಲ್ಲೆಲ್ಲ ಉಂಟು. ಅದು ವಸ್ತುವಲ್ಲ. ಅದು ಒಂದು ಇಡೀ ವಾಕ್ಯ. ನಾನು ಕೇಳುತ್ತೇನೆ. ಆ ಕೊನೆಯ ಓ ಉಂಟಲ್ಲ, ಅದೇ ನಾನು’ ಎಂದಿದ್ದರು.

ಅವಳಿಗೆ ಅದು ಹಿಡಿಸಿತ್ತು. ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ಅಪ್ಪ ಸಂಸ್ಕೃತದ ಧಾತುಗಳನ್ನು ಬಾಯಿಪಾಠ ಮಾಡಿಸುತ್ತಿದ್ದಾಗ ಬೇಸರವಾಗುತ್ತಿತ್ತು. ಈ ಮುದುಕ ಹೇಳಿಕೊಟ್ಟದ್ದನ್ನು ಮಾತ್ರ ಅವಳು ಬಸ್ಸಿನಲ್ಲಿ ನಿಂತು ತನ್ನಷ್ಟಕ್ಕೆ ಹೇಳಿಕೊಳ್ಳುವಳು. ಔದಿಯೊ, ಔದಿಸ್, ಔದಿತ್. ಕೇಳುತ್ತೇನೆ, ಕೇಳುತ್ತೀ, ಕೇಳುತ್ತಾನೆ, ಕೇಳುತ್ತಾಳೆ. ಕನ್ನಡದಲ್ಲೂ ಹಾಗೇ ಅದ ಅಲ್ಲರಿ ಫಾದರ್, ಕ್ರಿಯಾಪದದ ಬಾಲದಾಗ ನಾನು ಕೂತಿರ್ತೀನಿ ಎಂದು ಅವಳು ಒಮ್ಮೆ ಹೇಳಿದ್ದಳು. ಫಾದರ್ ತಲೆಯಾಡಿಸಿ, ಉಂಟು ಉಂಟು, ಆದರೆ ನಿಮಗೆ ತಪ್ಪಿಸಿಕೊಳ್ಳಲಿಕ್ಕೆ ಹಿತ್ತಿಲ ಬಾಗಿಲೂ ಉಂಟು, ‘ನನಗೆ ಕೇಳಿಸಲಿಲ್ಲ’ ಅಂತ ಹೇಳಿಬಿಟ್ಟರೆ ಆಯಿತು, ತಪ್ಪು ಶಬ್ದದ್ದು, ನಿಮ್ಮದೇನೂ ಇಲ್ಲ ಎಂದಿದ್ದರು. ನಗೆಯ ಮಾತು. ಮನೆಗೆ ಹೋಗಿ ಗಂಡನಿಗೆ ಹೇಳಿದಾಗ ಆತ ಟಿವಿಯ ಕಡೆಯಿಂದ ಮುಖ ತಿರುಗಿಸದೆ ಹೂಂ ಅಂದ. ಆಮೇಲೆ ಐದು ನಿಮಿಷ ಬಿಟ್ಟು, ‘ಏನಂದಿ?’ ಅಂದ. ಏನಿಲ್ಲ ಅಂದಳು.

ಅವಳು ಸ್ವರವನ್ನು ಏರಿಸಿ ಒತ್ತಿದಳು. ಗಾಜಿನಾಚೆ ಮುಖ ಅಲುಗಲಿಲ್ಲ. ಇನ್ನೂ ಏರಿಸಿದಳು. ಹೋದ ಸಲ ಇಲ್ಲಿ ಕೇಳುತ್ತಿದ್ದರು. ಇನ್ನೊಂದು ಮೆಟ್ಟಿಲು. ಬಾಗಿಲ ಈಚೆ ಅವಳಿಗೇ ಕೇಳುವಷ್ಟು ಸದ್ದು ಈಗ ಆ ಹೆಡ್‌ಫೋನಿನಿಂದ ಸೋರಿ ಸ್ಪೀಕರಿನಲ್ಲಿ ಬರುತ್ತಿತ್ತು. ಆ ಮುಚ್ಚಿದ ಕಣ್ಣುಗಳನ್ನು ನೋಡುತ್ತ ಅವಳಿಗೆ ಸಿಟ್ಟು ಬಂತು. ಇವರು ಯಾಕೆ ಕಣ್ಣು ತೆರೆಯಬಾರದು? ತೆರೆದರೆ ಗಾಜಿನಲ್ಲಿ ತನ್ನ ಕೈ ಕಾಣುತ್ತದೆ, ಮಣಿಕಟ್ಟು ಅಲುಗುವುದು ಕಾಣುತ್ತದೆ, ಅದನ್ನು ನೋಡಿ ಔದಿಯೊ ಎಂದುಬಿಟ್ಟರೆ ಇಬ್ಬರಿಗೂ ಸಲೀಸು. ಸೆಮಿನರಿಯವರು ಇನ್ನೊಂದು ವರ್ಷ ಪಾಠ ಹೇಳಲು ಬಿಟ್ಟಾರು. ಮನುಷ್ಯರೆಲ್ಲ ಮಾಡುವುದು ಅದನ್ನೇ ಅಲ್ಲವೇ.

ಹದಿನಾಲ್ಕು ತಿಂಗಳ ಹಿಂದೆ ಆ ವ್ಯಾನಿನಲ್ಲಿ ಜಾಗವಿರಲಿಲ್ಲ. ಕುರ್ಚಿಯನ್ನು ಪರೀಕ್ಷೆ ಮಾಡುವವರಿಗೆ ಬೆನ್ನು ಬರುವಂತೆ ಇಡಬೇಕು ಎಂದು ನಿಯಮ. ಕಾರ್ಖಾನೆಗೆ ಒಯ್ಯುವ ಆ ವ್ಯಾನಿನ ಪೆಟ್ಟಿಗೆಯಲ್ಲಿ ಬೆನ್ನು ತಿರುಗಿಸಿ ಕೂತರೆ ಮೊಳಕಾಲು ಗೋಡೆಗೆ ತಾಗುತ್ತದೆ. ಹೀಗಾಗಿ ಎಲ್ಲರೂ ಗಾಜಿನ ಕಡೆ ಮುಖ ಮಾಡಿಯೇ ಕೂಡುವುದು, ಅವಳು ಮೊಣಕೈ ಅಡ್ಡ ಇಟ್ಟುಕೊಂಡು ಗುಂಡಿ ಒತ್ತುವುದು. ಫೆಬ್ರವರಿಯಲ್ಲೇ ಚಾಕಣದಲ್ಲಿ ತಗಡು ಕಾದುಹೋಗಿತ್ತು. ಹೊರಗೆ ಸಾಲಿನಲ್ಲಿ ಅರವತ್ತೆರಡು ಮಂದಿ. ನಿಜಲಿಂಗಪ್ಪ ಮೆಟ್ಟಿಲ ಮೇಲೆ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಒಳಗೆ ಬಂದ, ದೇವರಮನೆಗೆ ಬಂದ ಹಾಗೆ. ಅವಳು ಹೆಸರು ಕೇಳಿ, ಊರು ಕೇಳಿ, ಇಂಡಿ ತಾಲೂಕು ಎಂದ ಕೂಡಲೇ ಕನ್ನಡಕ್ಕೆ ಹೊರಳಿದಳು. ಅವನ ಮುಖ ಅರಳಿತು. ‘ಅವ್ವಾರ, ಈ ಪತ್ರಾ ತಗಡಿನ ಊರಾಗ ನಮ್ಮ ಮಾತು ಆಡೋರು ಸಿಕ್ರಿ ನೋಡ್ರಿ’ ಅಂದ. ಅವಳು ಮಾತಾಡುವಾಗ ಅವನು ಅವಳ ಕಣ್ಣನ್ನಲ್ಲ, ತುಟಿಯನ್ನು ನೋಡುತ್ತಿದ್ದ. ಅದು ಅವಳಿಗೆ ಸ್ವಲ್ಪ ಮುಜುಗರ, ಸ್ವಲ್ಪ ಬೇರೆ ಏನೋ ಆಗಿತ್ತು, ಎಷ್ಟೋ ವರ್ಷದ ಮೇಲೆ ಯಾರೋ ತನ್ನ ಮಾತನ್ನು ಒಂದೂ ಬಿಡದ ಹಾಗೆ ಹಿಡಿಯುತ್ತಿದ್ದಾರೆ ಎಂದು. ತುಟಿ ನೋಡುವವನ ಕಿವಿ ಮಂದ ಎಂದು ಮೊದಲು ಗುರುತಿಸಬೇಕಾದವಳು, ಅವಳ ಕಸುಬಿನಲ್ಲಿ, ಅವಳೇ. ಇಪ್ಪತ್ತು ವರ್ಷ ಲೋಹದ ಹಾಳೆಗೆ ಏಟು ಹಾಕುವ ಪ್ರೆಸ್ಸಿನ ಬದಿಗೆ ನಿಂತವನು.

ಮೊದಲ ಸ್ವರಕ್ಕೆ ಬೆರಳು ಎದ್ದಿತು. ಎರಡನೆಯದಕ್ಕೂ ಎದ್ದಿತು. ತೀರ ಸಣ್ಣ ಸ್ವರ, ಇಪ್ಪತ್ತು ವರ್ಷದ ಹುಡುಗಿಯರಿಗೂ ಒಮ್ಮೊಮ್ಮೆ ತಪ್ಪುವಂಥದು, ಅದಕ್ಕೂ ಎದ್ದಿತು. ಅವಳು ಮೊಣಕೈ ಇನ್ನಷ್ಟು ಮುಂದೆ ತಂದಳು; ಆಗ ಬೆರಳು ಅರ್ಧಕ್ಕೆ ನಿಂತು, ಅವನ ಕಣ್ಣು ಗಾಜಿನ ಮೇಲೆ ಓಡಾಡಿ, ಮತ್ತೆ ಎದ್ದಿತು. ಅವಳು ಸ್ವರವನ್ನು ಪೂರ್ತಿ ಮುಚ್ಚಿ, ಬರಿದೇ ಗುಂಡಿ ಒತ್ತಿದಳು. ಹೆಡ್‌ಫೋನಿನಲ್ಲಿ ಏನೂ ಇಲ್ಲ. ಬೆರಳು ಎದ್ದಿತು. ಅವಳು ತಲೆಯೆತ್ತಿದಳು. ಅವನು ನೋಡುತ್ತಿದ್ದ. ಎತ್ತಿದ ಆ ಒಂದು ಬೆರಳಿನ ಪಕ್ಕಕ್ಕೆ ಉಳಿದ ಬೆರಳುಗಳು ನಿಧಾನಕ್ಕೆ ಬಂದವು, ಇನ್ನೊಂದು ಕೈಯೂ ಬಂತು, ಹೆಡ್‌ಫೋನು ಹಾಕಿಕೊಂಡೇ ಅವನು ಗಾಜಿನಾಚೆಯಿಂದ ಅವಳಿಗೆ ಕೈ ಮುಗಿದ. ಗುತ್ತಿಗೆಯ ಆಳು. ಕಿವಿ ಹೋಗಿದೆ ಎಂದು ಬರೆದರೆ ಸದ್ದಿಲ್ಲದ ಕೆಲಸಕ್ಕೆ ಹಾಕುವುದಿಲ್ಲ, ನಾಳೆಯಿಂದ ಬರಬೇಡ ಎನ್ನುತ್ತಾರೆ, ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅವಳು ಕೆಂಪು ಪೆನ್ನಿನಿಂದ ಬಲಗಿವಿಯ ಸೊನ್ನೆಗಳನ್ನು, ನೀಲಿ ಪೆನ್ನಿನಿಂದ ಎಡಗಿವಿಯ ಗುಣಿಸು ಗುರುತುಗಳನ್ನು ಹಾಕುತ್ತ ಹೋದಳು, ಕಿವಿ ಚೆನ್ನಾಗಿದ್ದವರ ಮೇಲಿನ ಸಾಲಿನಲ್ಲಿ, ಒಂದಕ್ಕೊಂದು ಹೊಂದಿಕೊಂಡು, ರಂಗೋಲಿಯ ಎಳೆಯ ಹಾಗೆ. ಚಂದ ಬಂದಿತ್ತು.

ಪುಣ್ಯದ ಕೆಲಸ ಎಂದುಕೊಂಡಿದ್ದಳು. ವ್ಯಾನಿನಲ್ಲಿ ತಿರುಗಿ ಬರುವಾಗ, ಆಳಂದಿ ಫಾಟಾದ ತಿರುವಿನ ಹತ್ತಿರ ಟ್ರಕ್ಕುಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಾಗಲೂ ಮನಸ್ಸು ಹಗುರವಾಗಿತ್ತು. ಈಗ ಹನ್ನೆರಡು ದಿನದಿಂದ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ. ಕುರ್ಚಿ ತಿರುಗಿಸಿ ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿದ್ದರೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಹೊರಗೆ ಅರವತ್ತೆರಡು ಮಂದಿ ಇದ್ದರು. ಬೆನ್ನ ಮೇಲೆ ರವಿಕೆ ಅಂಟಿಕೊಂಡಿತ್ತು. ಡಬ್ಬಿಯಲ್ಲಿದ್ದ ಚಪಾತಿ ಒಣಗುತ್ತಿತ್ತು. ಅದಕ್ಕೂ ಮೊದಲಿನ ಕಾರ್ಖಾನೆಯಲ್ಲಿ ಹನ್ನೊಂದು ಮಂದಿಗೆ ಕಿವಿ ಮಂದ ಎಂದು ಬರೆದದ್ದಕ್ಕೆ ಕ್ಲಿನಿಕ್ಕಿನ ಒಡತಿ ಡಾಕ್ಟರ್ ಸುಲಭಾ ಎಲ್ಲರೆದುರು, ಹೀಗೆ ಬರೆದರೆ ಯಾವ ಕಂಪನಿ ನಮ್ಮನ್ನು ಮತ್ತೆ ಕರೆಯುತ್ತದೆ ಎಂದು ಕೇಳಿ, ನಗುತ್ತ ಕೇಳಿ, ಅವಳ ಭುಜ ತಟ್ಟಿದ್ದರು. ಕೈ ಮುಗಿದ ಮನುಷ್ಯನ ಮೇಲಿನ ಕರುಣೆ ಎಷ್ಟು ಪಾಲು, ಬೆವರು ಎಷ್ಟು ಪಾಲು, ಚಪಾತಿ ಎಷ್ಟು ಪಾಲು, ಅವ್ವಾರ ಎಂದು ಕರೆಸಿಕೊಂಡ ಸುಖ ಎಷ್ಟು ಪಾಲು? ಆ ಅಳತೆಗೆ ಯಂತ್ರ ಇರಲಿಲ್ಲ.

‘ನೋನ್ ಔದಿಯೊ’, ಕೇಳುತ್ತಿಲ್ಲ, ಎಂದರು ಫಾದರ್, ಸ್ವರವೇ ಇಲ್ಲದ ಹೊತ್ತಿನಲ್ಲಿ. ಅವಳು ಗುಂಡಿ ಒತ್ತುವುದನ್ನು ಮರೆತು ಕೂತಿದ್ದಳು. ಅವರು ಕಣ್ಣು ತೆರೆದು, ಮುಗಿಯಿತೇ ಎಂದು ಕೈಯಲ್ಲೇ ಕೇಳಿದರು.

ದಪ್ಪ ಬಾಗಿಲು ತೆಗೆದು ಅವರನ್ನು ಹೊರಗೆ ಕರೆತಂದಳು. ಗ್ರಾಫನ್ನು ಅವರ ಮುಂದಿಟ್ಟಾಗ ಕೆಂಪು ಸೊನ್ನೆಗಳು ಹಾಳೆಯ ತಳದಲ್ಲಿದ್ದವು. ಅವರು ಬಹಳ ಹೊತ್ತು ನೋಡಿ, ಇದರಲ್ಲಿ ನೀವು ಎಲ್ಲೂ ಸ್ವಲ್ಪ ಮೇಲೆ ಮಾಡಿಲ್ಲವಲ್ಲ ಎಂದು ವಿಚಾರಿಸಿದರು. ಇಲ್ಲ ಎಂದು ಅವಳು ದೊಡ್ಡ ದನಿಯಲ್ಲಿ ಹೇಳಿದಳು. ಒಳ್ಳೆಯದು ಎಂದರು. ಹುಡುಗರು ಪ್ರಶ್ನೆ ಕೇಳುತ್ತಾರೆ, ನಾನು ಬೇರೆ ಏನಕ್ಕೋ ಉತ್ತರ ಕೊಡುತ್ತೇನೆ, ಅವರು ಮರ್ಯಾದೆಗೆ ನಗುವುದಿಲ್ಲ, ಆ ಮರ್ಯಾದೆ ನೋಡಿಯೇ ನನಗೆ ತಿಳಿಯಿತು. ಜೋಳಿಗೆ ಚೀಲ ಹೆಗಲಿಗೆ ಹಾಕಿಕೊಳ್ಳುತ್ತ ನಿಂತರು. ‘ಇನ್ನೊಂದು ರೂಪ ನಿಮಗೆ ಹೇಳಿಕೊಟ್ಟಿರಲಿಲ್ಲ. ಔದಿಯೊರ್. ಒಂದು ಅಕ್ಷರ ಜಾಸ್ತಿ, ಅಷ್ಟೇ. ನಾನು ಕೇಳುತ್ತೇನೆ ಅಲ್ಲ, ನನ್ನ ಮಾತನ್ನು ಯಾರೋ ಕೇಳುತ್ತಿದ್ದಾರೆ ಅಂತ. ಕನ್ನಡದಲ್ಲಿ ಅದನ್ನು ಒಂದು ಶಬ್ದದಲ್ಲಿ ಹೇಳಲಿಕ್ಕೆ ಬರುವುದಿಲ್ಲ ನೋಡಿ. ಐವತ್ತು ವರ್ಷ ಬೋರ್ಡಿನ ಮೇಲೆ ಬರೆದೆ, ನನ್ನ ಬಗ್ಗೆ ಒಮ್ಮೆಯೂ ಹೇಳಿಕೊಳ್ಳಲಿಲ್ಲ.’ ಅವಳು ಉತ್ತರ ಕೊಡುವ ಮೊದಲೇ ಹೊರಟರು. ಕೊಟ್ಟಿದ್ದರೂ ಅವರಿಗೆ ಕೇಳುತ್ತಿರಲಿಲ್ಲ.

ಕಿಟಕಿಯಾಚೆ ಮಗರಪಟ್ಟಾದ ಕಟ್ಟಡಗಳ ಗಾಜಿಗೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಅವ್ವ ತೀರಿಕೊಳ್ಳುವ ಮೊದಲಿನ ವರ್ಷ ದಿನಾ ಹನ್ನೊಂದಕ್ಕೆ ಧಾರವಾಡದಿಂದ ಫೋನು ಮಾಡುತ್ತಿದ್ದಳು. ರಜೆಯ ದಿನವಾದರೆ ತ್ರಿವೇಣಿ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು, ಸ್ಪೀಕರ್ ಹಾಕಿ, ಕುಕ್ಕರಿನ ಸೀಟಿಯ ನಡುವೆ ಹೂಂ ಹೂಂ ಅನ್ನುತ್ತಿದ್ದಳು. ಒಂದು ದಿನ ಅವ್ವ ಮಾತು ನಿಲ್ಲಿಸಿದ್ದು ತಿಳಿಯದೆ ಎರಡು ಸಲ ಹೂಂ ಎಂದಿದ್ದಳು. ಆಚೆಯಿಂದ ಬಹಳ ಹೊತ್ತಿನ ಮೇಲೆ, ಆತು ಇಡ್ತೀನವಾ ಎಂಬ ಮಾತು ಬಂತು. ಏನು ಹೇಳುತ್ತಿದ್ದಳೋ ಅವತ್ತು. ಕಿವಿಯ ಕೆಲಸದವಳು ಮಗಳು ಎಂದು ಓಣಿಗೆಲ್ಲ ಹೇಳಿಕೊಂಡು ಬಂದವಳು.

ಡಾಕ್ಟರ್ ಸುಲಭಾ ಒಳಗೆ ಬಂದು ಕಾಗದ ನೋಡಿದರು, ಚುಕ್ಕಿಗಳ ಸಾಲು ನೋಡಿದರು. ಕೆಟ್ಟ ಹೆಂಗಸಲ್ಲ. ಹತ್ತು ವರ್ಷ ಮನೆಯಲ್ಲಿ ಕೂತಿದ್ದ ತ್ರಿವೇಣಿಯನ್ನು ನಲವತ್ತನೆಯ ವಯಸ್ಸಿನಲ್ಲಿ ಕೆಲಸಕ್ಕೆ ಕರೆದವರು, ಅವ್ವ ಸತ್ತಾಗ ಮೂರು ದಿನ ಮನೆಗೆ ಡಬ್ಬಿ ಕಳಿಸಿದವರು. ಮೊನ್ನೆ ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದ್ದರು, ಟೆಸ್ಟ್ ನೀಟಾಗಿ ಮಾಡಿದ್ದೀ ಅಲ್ಲವೇ ಎಂದು. ‘ಹೋ ಮ್ಯಾಡಮ್’, ಹೌದು, ಎಂದು ಅವಳ ಬಾಯಿಂದ ತಾನಾಗಿ ಬಂದಿತ್ತು. ಆ ಹೋ ಎಂಬುದರ ಮೇಲೆ ಈ ನಾಲ್ಕು ಸಾಲು ಎದ್ದು ನಿಂತಿದ್ದವು. ಸಂಜೆ ಲೇಬರ್ ಆಫೀಸಿನವರು ಬರುತ್ತಾರೆ, ಊಟಕ್ಕೆ ಮೊದಲು ಸಹಿ ಮುಗಿಸಿಬಿಡು ಎಂದರು ಡಾಕ್ಟರು. ಬಾಗಿಲವರೆಗೆ ಹೋದವರು ತಿರುಗಿ, ಆ ನಿಜಲಿಂಗಪ್ಪನ ಮನೆಯವರು ಬಂದು ಕೂತಿದ್ದಾರೆ, ರಿಪೋರ್ಟಿನ ನಕಲು ಬೇಕಂತೆ, ನಿಮ್ಮ ಕಾನಡೀ ಮಂದಿ, ನೀನೇ ಕೊಟ್ಟು ಕಳಿಸು ಎಂದರು.

ಹೊರಗಿನ ಬೆಂಚಿನ ಮೇಲೆ ಇಬ್ಬರು ಕೂತಿದ್ದರು, ನಡುವೆ ಇನ್ನಿಬ್ಬರು ಕೂಡುವಷ್ಟು ಜಾಗ ಬಿಟ್ಟು. ಗಂಡಸು ಎದ್ದು ನಿಂತು ತಾನು ಬಸವಲಿಂಗ, ನಿಜಲಿಂಗಪ್ಪನ ಅಣ್ಣ, ಬಾರಾಮತಿಯ ಸಕ್ಕರೆ ಕಾರ್ಖಾನೆಯಲ್ಲಿರುವವನು ಎಂದು ಹೇಳಿದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಹೆಂಗಸು ಏಳಲಿಲ್ಲ. ಸಾವಂತ್ರವ್ವ ಎಂದು ಅವನೇ ಅವಳ ಕಡೆ ಗದ್ದ ತೋರಿಸಿದ. ನಲವತ್ತೂ ಆಗಿರಲಿಕ್ಕಿಲ್ಲ. ಸೆರಗನ್ನು ಕಿವಿ ಮುಚ್ಚುವ ಹಾಗೆ ಹೊದ್ದಿದ್ದಳು. ತ್ರಿವೇಣಿ ನಕಲಿನ ಹಾಳೆ ತಂದು ಕೊಟ್ಟಳು, ಅವನು ಅದನ್ನು ಬೆಳಕಿಗೆ ಹಿಡಿದು, ಕೆಂಪು ನೀಲಿ ಗುರುತುಗಳ ಮೇಲೆ ಬೆರಳಾಡಿಸಿ, ಕಿವಿ ಚಲೋ ಇದ್ವು ಅಂತ ಇದರಾಗ ಅದ ಅಲ್ಲರಿ ಎಂದು ಖಾತ್ರಿ ಮಾಡಿಕೊಂಡ. ಲೇಬರ್ ಆಫೀಸಿಗಾಗಿ ಅಲ್ಲ. ನಾಡಿದ್ದು ಊರಲ್ಲಿ ಹಿರಿಯರು ಕೂಡುವವರಿದ್ದರು, ಅವರ ಮುಂದಿಡಲು.

ಯಾಕೆ ಎಂದು ತ್ರಿವೇಣಿ ಕೇಳಬಾರದಾಗಿತ್ತು, ಕೇಳಿದಳು. ಅವನು ಅದನ್ನೇ ಕಾದಿದ್ದವನಂತೆ ಹೇಳಿದ. ಸಾಯುವ ದಿನ ಮುಂಜಾನೆ ಸಾಲುಮನೆಗಳ ಚಾಳಿನ ಮಂದಿಯೆಲ್ಲ ಕೇಳುವ ಹಾಗೆ ಈಕೆ ಗಂಡನನ್ನು ಬೈದಿದ್ದಳು, ಸಾಯಿ ಎಂದಿದ್ದಳು. ಅವನು ಒಂದು ಮಾತು ತಿರುಗಿ ಆಡದೆ ಹೋದ. ಎರಡು ತಾಸಿನ ಮೇಲೆ ಮೂರು ಸಲ ಹಾರ್ನ್ ಹೊಡೆದರೂ ಸರಿಯದೆ ನಿಂತ. ‘ಕಿವಿ ಚಲೋ ಇದ್ದ ಮನಶ್ಯಾ ಹಾರ್ನ್ ಕೇಳಿ ಯಾಕ ಸರೀಲಿಲ್ಲ, ನೀವ ಹೇಳ್ರಿ. ಸಾಯಂದ್ಲು, ಸತ್ತ. ನನ್ನ ತಮ್ಮ ಹೆಂಡ್ತಿ ಮಾತು ಭಾಳ ಕೇಳ್ತಿದ್ದ.’ ಕೊನೆಯ ಮಾತನ್ನು ಸಾವಂತ್ರವ್ವನ ಕಡೆ ತಿರುಗಿ ಮೆತ್ತಗೆ ಹೇಳಿದ.

ಸಾವಂತ್ರವ್ವ ತಲೆ ಎತ್ತಿ ಭಾವನನ್ನು ಬೈಯಲಿಲ್ಲ, ಅಳಲಿಲ್ಲ. ಬೈದದ್ದು ಖರೇ ಎಂದು ತ್ರಿವೇಣಿಗೆ ಹೇಳಿದಳು. ಎರಡು ವರ್ಷದಿಂದ ಅವನು ಕರೆದರೆ ಓಗೊಡುತ್ತಿರಲಿಲ್ಲ. ಮಗಳ ಜ್ವರ ಹೇಳಿದರೂ ಇಲ್ಲ, ಊರಿಂದ ಬಂದ ಸುದ್ದಿ ಹೇಳಿದರೂ ಇಲ್ಲ. ಒಮ್ಮೊಮ್ಮೆ ಎದುರು ಕೂತು ಮಾತಾಡಿದರೆ ನಗುತ್ತಿದ್ದ, ಬೆನ್ನು ತಿರುಗಿಸಿದನೋ ಕಲ್ಲು. ಬೇರೆ ಯಾರೋ ಸಿಕ್ಕಿರಬೇಕು ಎಂದುಕೊಂಡಿದ್ದಳು, ಸೊಕ್ಕು ಬಂದದ ಎಂದುಕೊಂಡಿದ್ದಳು. ಅವತ್ತು ಅವನು ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದ, ಇವಳು ಒಲೆಯ ಮುಂದೆ, ಗ್ಯಾಸು ತೀರಿದೆ ಎಂದು ನಾಲ್ಕು ಸಲ ಹೇಳಿದಳು. ಐದನೆಯ ಸಲ ಅದನ್ನು ಅಂದಳು.

ತ್ರಿವೇಣಿಗೆ ಆಗ ತಿಳಿಯಿತು. ಅವನು ಹೆಂಡತಿಗೂ ಹೇಳಿರಲಿಲ್ಲ. ಈಕೆಯ ಬಾಯಿಂದ ಚಾಳಿಗೆ, ಚಾಳಿನಿಂದ ಗುತ್ತಿಗೆದಾರನಿಗೆ ಸುದ್ದಿ ಹೋದೀತೆಂದು ಎರಡು ವರ್ಷ ಈ ಹೆಂಗಸಿನ ತಿರಸ್ಕಾರವನ್ನು ಹೊತ್ತು ಓಡಾಡಿದ್ದ. ಲೋಕದಲ್ಲಿ ಆ ಗುಟ್ಟು ತಿಳಿದಿದ್ದ ಇನ್ನೊಂದು ಜೀವ ಎಂದರೆ ಕೆಂಪು ನೀಲಿ ಪೆನ್ನು ಹಿಡಿದು ಕೂತಿದ್ದ ತಾನು. ಇಬ್ಬರದೂ ಒಂದು ಕೂಟವಾಗಿತ್ತು, ಗಂಡ ಹೆಂಡಿರಿಗಿಂತ ಬಿಗಿಯಾದದ್ದು. ಈಗ ಆ ಹಾಳೆ ಬಸವಲಿಂಗನ ಕೈಯಲ್ಲಿ ಮಡಚಿಕೊಳ್ಳುತ್ತಿತ್ತು, ನಾಲ್ಕು ಮಡಿಕೆಯಾಗಿ, ಎರಡು ಪೆನ್ನುಗಳ ಹಿಂದೆ ಜೇಬಿನೊಳಗೆ ಇಳಿಯುತ್ತಿತ್ತು.

‘ಅದು ಸುಳ್ಳದ’ ಎಂದಳು ತ್ರಿವೇಣಿ.

ಬೆಂಚಿನಾಚೆ ಕೂತ ಬೇರೆ ರೋಗಿಗಳು ಇತ್ತ ನೋಡಿದರು. ಅವಳು ಹೇಳಿದಳು, ನಿಂತೇ ಹೇಳಿದಳು, ವ್ಯಾನು, ಗಾಜು, ಬೆರಳು, ಸ್ವರವಿಲ್ಲದ ಗುಂಡಿಗೆ ಎದ್ದ ಬೆರಳು, ಮುಗಿದ ಕೈ. ಅವನಿಗೆ ಕಿವಿ ಸರಿಯಿರಲಿಲ್ಲ, ನನಗೆ ಗೊತ್ತಿತ್ತು, ಚಲೋ ಅದಾವ ಅಂತ ಬರೆದೆ. ಹೇಳುವಾಗ ಎದೆ ಹಗುರಾಗುತ್ತದೆ ಎಂದು ಎಲ್ಲೋ ಓದಿದ್ದಳು. ಹಾಗೇನೂ ಆಗಲಿಲ್ಲ. ಬಸವಲಿಂಗ ಅವಳನ್ನು ಕೆಳಗಿನಿಂದ ಮೇಲೆ ನೋಡಿದ. ಹೆಂಗಸರು ಹೆಂಗಸರಿಗೇ ಆಗುತ್ತೀರಿ ಬಿಡ್ರಿ ಎಂದ. ‘ನೀವು ಅವಾಗ ಸುಳ್ಳು ಬರದಿದ್ರೋ, ಈಗ ಈಕಿ ಮಾರಿ ನೋಡಿ ಸುಳ್ಳು ಹೇಳಾಕತ್ತೀರೋ, ನಾ ಹೆಂಗ ತಿಳೀಲಿ? ಅವಾಗಿಂದು ಕಾಗದದ ಮ್ಯಾಲ ಅದ. ಸಹಿ ಅದ. ನಿಮ್ಮದ ಸಹಿ.’ ಜೇಬಿನ ಮೇಲೆ ಅಂಗೈ ಇಟ್ಟುಕೊಂಡ. ಅವನ ಪ್ರಶ್ನೆ ನ್ಯಾಯದ್ದು.

ಸಾವಂತ್ರವ್ವ ಮಾತ್ರ ಎದ್ದು ಹತ್ತಿರ ಬಂದಿದ್ದಳು. ಮುಖದಲ್ಲಿ ಸಮಾಧಾನ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಹಳ ದೂರದ ಲೆಕ್ಕವೊಂದನ್ನು ಹಿಂದಿನಿಂದ ಮುಂದಕ್ಕೆ ಮಾಡುತ್ತಿರುವವರ ಮುಖ. ಎರಡು ವರ್ಷದ ಒಂದೊಂದೇ ದಿನವನ್ನು ತೆಗೆದು ಮತ್ತೆ ನೋಡುತ್ತಿದ್ದಾಳೆ ಎಂದು ತ್ರಿವೇಣಿಗೆ ಅನ್ನಿಸಿತು. ನಾ ರಾತ್ರಿ ಅವನ ಬಾಜೂಕ ಮಲಗಿ ಎಷ್ಟೋ ಮಾತು ಹೇಳೀನ್ರಿ ಎಂದಳು ಆಕೆ ಕೊನೆಗೆ, ದೀಪ ಆರಿಸಿದ ಮ್ಯಾಲ. ಆಮೇಲೆ ಕೇಳಬೇಕಾದ್ದನ್ನು ಕೇಳಿದಳು.

‘ಅವ್ವಾರ, ಅವತ್ತ ನಾ ಅಂದದ್ದು ಅವಗ ಕೇಳಿಸಿತ್ತೇನ್ರಿ?’

ಅವತ್ತು ಅವನ ಬೆನ್ನು ಒಲೆಯ ಕಡೆಗಿತ್ತು. ಬಗ್ಗಿ ಬೂಟು ಹಾಕುತ್ತಿದ್ದ. ತುಟಿ ಕಾಣುವ ಹಾಗಿರಲಿಲ್ಲ. ಕೇಳಿಸಿಲ್ಲ ಎಂದು ಹೇಳಿದರೆ ಸಾಕಾಗಿತ್ತು, ನಾಲ್ಕು ಅಕ್ಷರದ ಮಾತು. ಆ ಹೆಂಗಸು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಇಂಡಿಗೆ ಹೋಗುತ್ತಾಳೆ, ಉಳಿದ ಆಯುಷ್ಯವನ್ನು ಅದರ ಮೇಲೆ ಕಳೆಯುತ್ತಾಳೆ. ತ್ರಿವೇಣಿಯ ನಾಲಿಗೆಯ ತುದಿಗೆ ಅದು ಬಂದು ನಿಂತಿತು. ಎಷ್ಟು ಮೃದುವಾಗಿ, ಎಷ್ಟು ಪರಿಚಿತವಾಗಿ ಬಂದು ನಿಂತಿತೆಂದರೆ, ಇದು ಅದೇ ಎಂದು ಅವಳಿಗೆ ಗುರುತು ಹತ್ತಿತು: ವ್ಯಾನಿನಲ್ಲಿ ಗಾಜಿನ ಈಚೆ ಕೂತಾಗ ಕೈಯೊಳಗೆ ಇಳಿದು ಬಂದದ್ದು ಇದೇ ಕರುಣೆ. ಕಿರಿಚಿ ಆಡಿದ ಮಾತು ಅರೆಗಿವುಡನಿಗೂ ಕೇಳಬಹುದು. ಹಾರ್ನಿನ ದಪ್ಪ ದನಿ ಅವನಿಗೆ ಕೇಳಿದ್ದಿರಬಹುದು. ಸಣ್ಣ ಸ್ವರಗಳಷ್ಟೇ ಹೋಗಿದ್ದವೋ, ದೊಡ್ಡವೂ ಹೋಗಿದ್ದವೋ, ಎಡಗಿವಿಯೋ, ಬಲಗಿವಿಯೋ. ಅದನ್ನು ತಿಳಿಯಲು ಇದ್ದದ್ದು ಒಂದೇ ಗಳಿಗೆ, ಇಪ್ಪತ್ತು ನಿಮಿಷದ್ದು, ಅದು ಅವಳ ಕೈಯಲ್ಲಿತ್ತು. ಈಗ ಆ ಕಿವಿಗಳು ಇಲ್ಲ.

‘ಗೊತ್ತಿಲ್ಲರಿ’ ಎಂದಳು. ‘ನಾ ಅಳದಿಲ್ಲ. ಅಳತಿ ಮಾಡಿದ್ರ ಇವತ್ತ ನಿಮಗ ಹೇಳ್ತಿದ್ದೆ. ಮಾಡ್ಲಿಲ್ಲ.’

‘ಕೇಳಿರಲೂಬಹುದು.’

‘ಕೇಳಿರಲೂಬಹುದು.’

ಸುಳ್ಳು ಹೇಳುವವಳಾಗಿದ್ದರೆ ಈಕೆ ಇಲ್ಲಿ ಕೇಳಿಸಿಲ್ಲ ಎನ್ನಬೇಕಾಗಿತ್ತು ಎಂಬುದು ಬಸವಲಿಂಗನಿಗೂ ಹೊಳೆದಿರಬೇಕು, ಜೇಬಿನ ಮೇಲಿದ್ದ ಕೈ ಅಲ್ಲಿಂದ ಸರಿದಿತ್ತು, ಎಲ್ಲಿ ಇಡಬೇಕೆಂದು ತಿಳಿಯದೆ ತೂಗಾಡುತ್ತಿತ್ತು. ಸಾವಂತ್ರವ್ವ ಅವನ ಕಡೆ ನೋಡಲಿಲ್ಲ. ಬರೀರಿ ಎಂದಳು ತ್ರಿವೇಣಿಗೆ. ಈಗ ಹೇಳಿದ್ದೆಲ್ಲ ಬರೀರಿ, ಗೊತ್ತಿಲ್ಲ ಅಂದದ್ದೂ ಬರೀರಿ.

ಕಾಗದ ಹುಡುಕುವಷ್ಟು ವ್ಯವಧಾನವಿರಲಿಲ್ಲ. ತ್ರಿವೇಣಿ ಒಳಗಿನಿಂದ ಆ ನಾಲ್ಕು ಸಾಲಿನ ಹಾಳೆಯನ್ನೇ ತಂದು, ಮಗುಚಿ, ಬೆಂಚಿನ ಮೇಲಿಟ್ಟು, ಮಂಡಿಯೂರಿ ಕೂತು ಖಾಲಿ ಬೆನ್ನಿನ ಮೇಲೆ ಬರೆದಳು. ಕನ್ನಡ ಬರೆದು ಬಹಳ ವರ್ಷವಾಗಿ ಒತ್ತಕ್ಷರಗಳು ದೊಡ್ಡವಾಗಿ, ಸಾಲೆಯ ಹುಡುಗರು ಬರೆದಂತೆ ಬಂದವು. ಕೆಳಗೆ ಹೆಸರು ಬರೆದು ಸಹಿ ಮಾಡಿದಳು. ಓದಿ ಹೇಳ್ರಿ ಎಂದಳು ಸಾವಂತ್ರವ್ವ, ನನಗ ಓದಾಕ ಬರೂದಿಲ್ಲ. ತ್ರಿವೇಣಿ ಓದಿದಳು. ಮುಗಿದ ಮೇಲೆ ಆಕೆ, ಇನ್ನೊಮ್ಮೆ ಎಂದಳು. ಬೇಡಿಕೆಯಲ್ಲ, ಶಿಕ್ಷೆಯೂ ಅಲ್ಲ. ಹೊಲದ ಗಡಿಯನ್ನು ಎರಡು ಸಲ ನಡೆದು ನೋಡುವವರ ದನಿ.

ಡಾಕ್ಟರ್ ಸುಲಭಾ ತಮ್ಮ ಕೋಣೆಯ ಬಾಗಿಲು ತೆಗೆದು ಹೊರಗೆ ಬಂದು ನಿಂತಿದ್ದರು. ಬೆಂಚಿನ ಸುತ್ತ ನಿಂತ ಮಂದಿಯನ್ನು, ನೆಲದ ಮೇಲೆ ಮಂಡಿಯೂರಿದ್ದ ತ್ರಿವೇಣಿಯನ್ನು, ಅವಳ ಕೈಯಲ್ಲಿದ್ದ ಕಾಗದದ ತಮ್ಮ ಲೆಟರ್‌ಹೆಡ್ಡನ್ನು ನೋಡಿ, ಏನು ಓದುತ್ತಿದ್ದೀ ಎಂದು ಮರಾಠಿಯಲ್ಲಿ ಕೇಳಿದರು. ತ್ರಿವೇಣಿ ಬೆಂಚು ಹಿಡಿದು ಎದ್ದು ನಿಂತಳು. ಮೊಳಕಾಲಿನಲ್ಲಿ ಧೂಳಿನ ಎರಡು ವರ್ತುಲಗಳಿದ್ದವು, ಅವನ್ನು ಕೊಡವಲಿಲ್ಲ. ಸಾವಂತ್ರವ್ವನಿಗೆ ಇದು ಮುಗಿಯುವವರೆಗೆ ಇರ್ರಿ ಎಂದು ಹೇಳಿ, ಹಾಳೆಯನ್ನು ಮುಖದಿಂದ ಸ್ವಲ್ಪ ದೂರ ಹಿಡಿದು, ಮೊದಲ ಸಾಲಿನಿಂದ, ಮರಾಠಿಯಲ್ಲಿ ಶುರುಮಾಡಿದಳು.